ಹೆಚ್ಚುವರಿ ದತ್ತಾಂಶ ನಿರ್ವಹಣೆ: ತುಮಕೂರು, ಗುಬ್ಬಿ, ಕುಣಿಗಲ್ ವಾಣಿಜ್ಯ ವಲಯ

ವ್ಯಾಪಾರಿ ಸಂಸ್ಥೆಯೊಂದರ ಕಂಪ್ಯೂಟರ್‌ಗಳಲ್ಲಿ ಕೂಡಿಬಿದ್ದ ದತ್ತಾಂಶದ ಪೈಕಿ ದಿನದ ಕೆಲಸಕ್ಕೂ ಬೇಕಿಲ್ಲದ, ಕಾನೂನೂ ಕೇಳದ, ಮುಂದೆ ಯಾರೂ ತೆರೆದು ನೋಡುವ ಸಂಭವವೂ ಇಲ್ಲದ ಭಾಗವನ್ನು ಹೆಚ್ಚುವರಿ ದತ್ತಾಂಶ ಎನ್ನುತ್ತಾರೆ. ಒಂದೇ ಕಡತದ ಹತ್ತಾರು ಪ್ರತಿಗಳು, ಅವಧಿ ಮೀರಿದ ಸಿಸಿಟಿವಿ ಚಿತ್ರಣ, ಕೆಲಸ ಬಿಟ್ಟುಹೋದ ಗುಮಾಸ್ತನ ಇ-ಮೇಲ್ ಪೆಟ್ಟಿಗೆ, ವಾಟ್ಸ್ಆ್ಯಪ್ ಗುಂಪುಗಳಿಂದ ತಾನಾಗಿ ಇಳಿದುಕೊಂಡ ಶುಭೋದಯದ ಚಿತ್ರಗಳು ಎಲ್ಲವೂ ಇದರೊಳಗೆ ಬರುತ್ತವೆ. ಇವನ್ನು ಗುರುತಿಸಿ, ಬೇಕಾದುದರಿಂದ ಬೇರ್ಪಡಿಸಿ, ಅಗ್ಗದ ಜಾಗಕ್ಕೆ ಸಾಗಿಸುವುದು ಇಲ್ಲವೇ ಪೂರ್ತಿ ಅಳಿಸುವುದು ಹೆಚ್ಚುವರಿ ದತ್ತಾಂಶ ನಿರ್ವಹಣೆ. ಒಂದು ಕಾಲಕ್ಕೆ ಬ್ಯಾಂಕು, ಸಾಫ್ಟ್‌ವೇರ್ ಕಂಪನಿಗಳದಷ್ಟೇ ಎನಿಸಿದ್ದ ಈ ತಲೆನೋವು ಈಗ ತಾಲ್ಲೂಕು ಕೇಂದ್ರದ ಮಂಡಿ, ಅಕ್ಕಿ ಗಿರಣಿ, ಹಾಲಿನ ಡೇರಿಗಳ ತನಕ ಬಂದಿದೆ.

ತುಮಕೂರು ನಗರ, ಗುಬ್ಬಿ, ಕುಣಿಗಲ್ ಈ ವಿಷಯವನ್ನು ನೋಡಲು ಅನುಕೂಲವಾದ ವಲಯ. ನಗರದಲ್ಲಿ ಮಂಡಿಪೇಟೆಯ ಹಾಗೂ ಎಪಿಎಂಸಿಯ ಸಗಟು ವ್ಯಾಪಾರವಿದೆ, ಸುತ್ತಿನ ಅಂತರಸನಹಳ್ಳಿ, ಹಿರೇಹಳ್ಳಿ, ವಸಂತನರಸಾಪುರಗಳಲ್ಲಿ ಕಾರ್ಖಾನೆಗಳಿವೆ, ದೊಡ್ಡ ಆಸ್ಪತ್ರೆಗಳೂ ಕಾಲೇಜುಗಳೂ ಇವೆ. ಗುಬ್ಬಿ ಅಡಿಕೆ, ತೆಂಗಿನ ತಾಲ್ಲೂಕು. ಅದರ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆಯ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಬೆಂಗಳೂರು–ಮಂಗಳೂರು ಹೆದ್ದಾರಿಯ ಮೇಲಿರುವ ಕುಣಿಗಲ್‌ನಲ್ಲಿ ಹಳೆಯ ಕುದುರೆ ಫಾರಂ ಇದೆ, ತಾಲ್ಲೂಕಿನ ಅಂಚೇಪಾಳ್ಯದಲ್ಲಿ ಕೈಗಾರಿಕಾ ಪ್ರದೇಶವಿದೆ. ನಿಮಿಷದಲ್ಲಿ ಮರೆಯಬಹುದಾದ ದಾಖಲೆಯಿಂದ ಹಿಡಿದು ಅರ್ಧ ಶತಮಾನ ಕಾಯಬೇಕಾದ ದಾಖಲೆಯವರೆಗೆ ಎಲ್ಲ ಬಗೆಯೂ ಈ ಮೂರು ಊರುಗಳಲ್ಲಿ ಸಿಗುತ್ತದೆ.

ಬರೆದದ್ದನ್ನು ಅಳಿಸಿ ಜಾಗ ಉಳಿಸುವುದು ಇಲ್ಲಿನ ವ್ಯಾಪಾರಿಗಳಿಗೆ ಹೊಸದೇನಲ್ಲ. ಕಾಗದ ದುಬಾರಿಯಾಗಿದ್ದ ದಿನಗಳಲ್ಲಿ ಕನ್ನಡ ನಾಡಿನ ಅಂಗಡಿಕಾರರೂ ಮಠಗಳೂ ಶಾನುಭೋಗರೂ ಹುಣಸೆಬೀಜದ ಗಂಜಿ, ಇದ್ದಿಲ ಪುಡಿ ಬಳಿದು ಮಡಿಸಿದ ಬಟ್ಟೆಯ ಕಡತಗಳ ಮೇಲೆ ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಲೆಕ್ಕ ತೀರಿದ ಮೇಲೆ ಒರೆಸಿ, ಮತ್ತೆ ಗಂಜಿ ಬಳಿದು, ಅದೇ ಬಟ್ಟೆಯನ್ನು ಬಳಸುತ್ತಿದ್ದರು. ಯಾವುದನ್ನು ಒರೆಸಬೇಕು, ಯಾವುದನ್ನು ಇಡಬೇಕು ಎಂಬ ತೀರ್ಮಾನ ಬರೆಯುವವನ ಕೈಯಲ್ಲೇ ಇತ್ತು. ಹಾರ್ಡ್ ಡಿಸ್ಕ್ ಅಗ್ಗವಾದಂತೆ ಆ ತೀರ್ಮಾನವನ್ನು ಮುಂದೂಡುವುದು ಸುಲಭವಾಯಿತು, ರಾಶಿ ಬೆಳೆದದ್ದು ಹೀಗೆ.

ರಾಶಿ ಬೆಳೆಯುವ ಜಾಗ

ಸಂಗ್ರಹ ತುಂಬಿತು ಎಂದೊಡನೆ ವ್ಯಾಪಾರಿಗಳು ಮೊದಲು ಸಂಶಯಪಡುವುದು ಲೆಕ್ಕಪತ್ರಗಳನ್ನು. ಸಾಮಾನ್ಯವಾಗಿ ಅದು ತಪ್ಪು. ಗಾತ್ರಕ್ಕೂ ಬೆಲೆಗೂ ಸಂಬಂಧವೇ ಇಲ್ಲ ಎಂಬುದಕ್ಕೆ ಹಾಲಿನ ಸೊಸೈಟಿಯ ಲೆಕ್ಕವೊಂದೇ ಸಾಕು.

ತುಮಕೂರು ಹಾಲು ಒಕ್ಕೂಟದ (ತುಮುಲ್) ಮುಖ್ಯ ಡೇರಿ ನಗರದ ಹೊರವಲಯದ ಮಲ್ಲಸಂದ್ರದಲ್ಲಿದೆ. ಅದಕ್ಕೆ ಹಾಲು ಬರುವುದು ಹಳ್ಳಿಗಳ ಉತ್ಪಾದಕರ ಸಹಕಾರ ಸಂಘಗಳಿಂದ. ಬೆಳಗ್ಗೆ, ಸಂಜೆ ಹಾಲು ಅಳೆಯುವಾಗ ಸದಸ್ಯರ ಸಂಖ್ಯೆ, ಲೀಟರ್, ಕೊಬ್ಬಿನಂಶ, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ), ದರ, ಮೊತ್ತ ಇಷ್ಟು ದಾಖಲಾಗುತ್ತದೆ. ಹಾಲು ಹಾಕುವವರು 200 ಮಂದಿ ಎಂದಿಟ್ಟುಕೊಂಡರೆ ವರ್ಷಕ್ಕೆ 1,46,000 ಸಾಲು. ಸಾಲಿಗೆ 100 ಬೈಟ್ ಹಿಡಿದರೂ ಒಟ್ಟು 15 ಮೆಗಾಬೈಟ್‌ಗೆ ಒಂದಿಷ್ಟು ಕಡಿಮೆ. ಅದೇ ಸಂಘದ ಬಾಗಿಲಿಗೆ ಹಾಕಿದ ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ವೇಗದಲ್ಲಿ ಚಿತ್ರಣ ಕಳಿಸುತ್ತಿದ್ದರೆ ಒಂದು ದಿನಕ್ಕೆ 21.6 ಗಿಗಾಬೈಟ್ ಆಗುತ್ತದೆ. ಅಂದರೆ ಇಡೀ ಊರಿನ ಒಂದು ವರ್ಷದ ಹಾಲಿನ ಲೆಕ್ಕ ಕ್ಯಾಮೆರಾದ ಒಂದು ನಿಮಿಷದ ಚಿತ್ರಣಕ್ಕೆ ಸಮ. ರೈತನ ಬಟವಾಡೆ, ಬೋನಸ್, ಸಾಲದ ಅರ್ಹತೆ ಎಲ್ಲವೂ ಮೊದಲನೆಯದರ ಮೇಲೆ ನಿಂತಿದೆ. ಎರಡನೆಯದರಲ್ಲಿ ಬಹುಪಾಲು ಖಾಲಿ ಬಾಗಿಲು.

ಹಾಗೆಂದು ಕ್ಯಾಮೆರಾ ಚಿತ್ರಣವನ್ನು ಮನಸ್ಸಿಗೆ ಬಂದಂತೆ ಅಳಿಸಲಾಗದು. 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ (ಕ್ರಮಗಳ) ಜಾರಿ ಅಧಿನಿಯಮದ ಪ್ರಕಾರ ಹೆಚ್ಚು ಜನ ಸೇರುವ ಅಂಗಡಿ, ಆಸ್ಪತ್ರೆ, ಕಾರ್ಖಾನೆ, ಶಿಕ್ಷಣ ಸಂಸ್ಥೆ, ಪೂಜಾ ಸ್ಥಳಗಳು ಕ್ಯಾಮೆರಾ ಅಳವಡಿಸಿ ಚಿತ್ರಣವನ್ನು 30 ದಿನ ಕಾದಿಡಬೇಕು. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಎಂಟು ಕ್ಯಾಮೆರಾಗಳಿರುವ ಬಟ್ಟೆ ಅಂಗಡಿಯನ್ನು ಊಹಿಸಿಕೊಳ್ಳಿ. ಮೇಲಿನ ವೇಗದಲ್ಲೇ 30 ದಿನಕ್ಕೆ 5.2 ಟೆರಾಬೈಟ್ ಬೇಕು. ಡಿವಿಆರ್ ಪೆಟ್ಟಿಗೆಯಲ್ಲಿರುವುದು 4 ಟೆರಾಬೈಟ್ ಡಿಸ್ಕ್ ಆದರೆ 23 ದಿನಕ್ಕೇ ತುಂಬಿ, ಹಳೆಯದರ ಮೇಲೆ ಹೊಸದು ಬರೆಯತೊಡಗುತ್ತದೆ. ಕಳವಾದ 25ನೆಯ ದಿನ ಪೊಲೀಸರು ಬಂದು ಕೇಳಿದಾಗ ಮಾಲೀಕನಿಗೆ ಇದು ಗೊತ್ತಾಗುತ್ತದೆ. ಇಲ್ಲಿ ಹೊಸ ಡಿಸ್ಕ್ ಕೊಳ್ಳುವುದಕ್ಕಿಂತ ಮೊದಲು ಮಾಡಬೇಕಾದ್ದು ಬೇರೆ ಇದೆ: ಚಿತ್ರಣವನ್ನು ಕುಗ್ಗಿಸುವ ಹಳೆಯ ಎಚ್.264 ಕ್ರಮದಿಂದ ಎಚ್.265 ಕ್ರಮಕ್ಕೆ ಬದಲಿಸಿದರೆ ಅದೇ ಗುಣಮಟ್ಟದ ಚಿತ್ರಣ ಹೆಚ್ಚುಕಡಿಮೆ ಅರ್ಧ ಜಾಗದಲ್ಲಿ ಕೂರುತ್ತದೆ. ಗೋದಾಮಿನ ಒಳಗೆ ರಾತ್ರಿ ಹೊತ್ತು ಚಲನೆ ಕಂಡಾಗ ಮಾತ್ರ ದಾಖಲಿಸುವಂತೆ ಮಾಡಬಹುದು. ಗಲ್ಲಾಪೆಟ್ಟಿಗೆಯ ಮೇಲಿನ ಕ್ಯಾಮೆರಾಕ್ಕೆ ಬೇಕಾದ ಸ್ಪಷ್ಟತೆ ವಾಹನ ನಿಲುಗಡೆಯ ಕ್ಯಾಮೆರಾಕ್ಕೆ ಬೇಕಿಲ್ಲ. ಬ್ಯಾಂಕುಗಳ ಮಾತು ಬೇರೆ. ಲಾಕರ್ ಕೊಠಡಿಯ ಪ್ರವೇಶದ ಚಿತ್ರಣವನ್ನು ಕನಿಷ್ಠ 180 ದಿನ ಇಡಬೇಕೆಂದು ರಿಸರ್ವ್ ಬ್ಯಾಂಕ್ 2021ರಲ್ಲಿ ಆದೇಶಿಸಿದೆ.

ಆಸ್ಪತ್ರೆಗಳಲ್ಲಿ ಜಾಗ ನುಂಗುವುದು ಸ್ಕ್ಯಾನ್ ಚಿತ್ರಗಳು. ಸಿಟಿ ಸ್ಕ್ಯಾನಿನ ಒಂದು ಪದರ 512 ಅಡ್ಡ, 512 ಉದ್ದದ ಬಿಂದುಗಳ ಚಿತ್ರ. ಬಿಂದುವಿಗೆ ಎರಡು ಬೈಟ್‌ನಂತೆ ಅರ್ಧ ಮೆಗಾಬೈಟ್. ಒಬ್ಬ ರೋಗಿಗೆ 500 ಪದರ ತೆಗೆದರೆ ಕಾಲು ಗಿಗಾಬೈಟ್ ದಾಟಿತು. ರೇಡಿಯಾಲಜಿ ವಿಭಾಗದ ಸರ್ವರ್, ವೈದ್ಯರ ಲ್ಯಾಪ್‌ಟಾಪ್, ರೋಗಿಗೆ ಕೊಟ್ಟ ಸಿಡಿ, ತಜ್ಞರಿಗೆ ಕಳಿಸಿದ ಮೇಲ್ ಎಂದು ಅದು ನಾಲ್ಕು ಕಡೆ ಉಳಿಯುತ್ತದೆ.

ಕಾಲೇಜುಗಳಿಗೆ ಬಿಸಿ ತಟ್ಟಿದ್ದು 2022ರಲ್ಲಿ. ಶಿಕ್ಷಣ ಸಂಸ್ಥೆಗಳಿಗೆ ಮಿತಿಯಿಲ್ಲದ ಉಚಿತ ಜಾಗ ಕೊಡುತ್ತಿದ್ದ ಗೂಗಲ್ ಆ ವರ್ಷದ ಜುಲೈನಿಂದ ಇಡೀ ಸಂಸ್ಥೆಗೆ ಸೇರಿ 100 ಟೆರಾಬೈಟ್ ಎಂಬ ಮಿತಿ ಹಾಕಿತು. ಕೋವಿಡ್ ಕಾಲದ ಆನ್‌ಲೈನ್ ಪಾಠಗಳ ಧ್ವನಿಮುದ್ರಣ, ವಿಡಿಯೊಗಳೆಲ್ಲ ಅಲ್ಲಿ ಬಿದ್ದಿದ್ದವು. ಪುಕ್ಕಟೆ ಜಾಗವನ್ನು ಶಾಶ್ವತವೆಂದು ನಂಬಿದ್ದವರಿಗೆ ಅದೊಂದು ಪಾಠ.

ಮಂಡಿಯ ಲೆಕ್ಕ, ಪ್ರತಿಗಳ ಹಾವಳಿ

ಮಂಡಿಗಳಲ್ಲಿ ಕಿರ್ದಿ, ಖಾತೆ ಪುಸ್ತಕಗಳ ಜಾಗಕ್ಕೆ ಬಂದದ್ದು ಬೆಂಗಳೂರಿನಲ್ಲೇ 1986ರಲ್ಲಿ ಆರಂಭವಾದ ಕಂಪನಿಯ ಲೆಕ್ಕದ ತಂತ್ರಾಂಶ ಟ್ಯಾಲಿ. ಇದರಲ್ಲಿ ಪ್ರತಿ ಸಂಸ್ಥೆಯ ಲೆಕ್ಕಕ್ಕೂ ಅಂಕಿಯ ಹೆಸರಿನ ಒಂದು ಫೋಲ್ಡರ್ ಇರುತ್ತದೆ. ಗುಮಾಸ್ತ ಸಂಜೆ ಅದನ್ನು ಪೆನ್‌ಡ್ರೈವ್‌ಗೆ ನಕಲು ಮಾಡುತ್ತಾನೆ. ಆಡಿಟರ್ ಕಚೇರಿಗೊಂದು ಪ್ರತಿ ಹೋಗುತ್ತದೆ. ಕಂಪ್ಯೂಟರ್ ರಿಪೇರಿಗೆ ಬಂದ ಹುಡುಗ ಇನ್ನೊಂದು ಪ್ರತಿಯನ್ನು ಡಿ ಡ್ರೈವ್‌ನಲ್ಲಿಟ್ಟು ಹೋಗಿರುತ್ತಾನೆ. ಎರಡು ಗಿಗಾಬೈಟ್‌ನ ಫೋಲ್ಡರನ್ನು ತಿಂಗಳಿಡೀ ದಿನವೂ ಪೂರ್ತಿ ನಕಲು ಮಾಡಿದರೆ 60 ಗಿಗಾಬೈಟ್ ಆಗುತ್ತದೆ, ಅದರಲ್ಲಿ ನಿಜಕ್ಕೂ ಹೊಸದಾಗಿ ಸೇರಿದ್ದು ಕೆಲವು ಮೆಗಾಬೈಟ್. ಕೊನೆಗೆ ಹೊಸದು, ಹೊಸದು ಒಂದು, ಫೈನಲ್, ಫೈನಲ್ ಎರಡು ಎಂಬ ಹೆಸರಿನ ಫೋಲ್ಡರ್‌ಗಳ ನಡುವೆ ಸರಿಯಾದದ್ದು ಯಾವುದೆಂದು ಬಲ್ಲವರೇ ಇರುವುದಿಲ್ಲ. ಜಾಗ ಹೋಗುವುದಕ್ಕಿಂತ ಇದು ದೊಡ್ಡ ನಷ್ಟ.

ಪ್ರತಿಗಳನ್ನು ಯಂತ್ರ ಗುರುತಿಸುವುದು ಹ್ಯಾಶ್ ಎಂಬ ಸಂಕೇತದಿಂದ. ಕಡತದ ಎಲ್ಲ ಬೈಟ್‌ಗಳನ್ನೂ ಒಂದು ಗಣಿತ ಸೂತ್ರಕ್ಕೆ ಕೊಟ್ಟರೆ ನಿಗದಿತ ಉದ್ದದ ಒಂದು ಸಂಕೇತ ಹೊರಬರುತ್ತದೆ. ಒಂದು ಅಕ್ಷರ ಬದಲಾದರೂ ಸಂಕೇತ ಪೂರ್ತಿ ಬೇರೆಯಾಗುತ್ತದೆ. ಎರಡು ಕಡತಗಳ ಸಂಕೇತ ಒಂದೇ ಆಗಿದ್ದರೆ ಅವು ಒಂದೇ ಕಡತ ಎಂದು ನಂಬಬಹುದು. ಸಂಗ್ರಹ ವ್ಯವಸ್ಥೆ ಆಗ ಒಂದನ್ನು ಉಳಿಸಿಕೊಂಡು ಉಳಿದ ಕಡೆ ಅದರತ್ತ ಬೆರಳು ತೋರುವ ಗುರುತನ್ನಷ್ಟೇ ಇಡುತ್ತದೆ. ಉತ್ತಮ ವ್ಯವಸ್ಥೆಗಳು ಇಡೀ ಕಡತವನ್ನಲ್ಲ, ಅದರ ಚಿಕ್ಕ ಚಿಕ್ಕ ತುಂಡುಗಳನ್ನು ಹೀಗೆ ಹೋಲಿಸುತ್ತವೆ. ಟ್ಯಾಲಿ ಫೋಲ್ಡರಿನ 30 ಪ್ರತಿಗಳಿಗೆ ಎರಡು ಗಿಗಾಬೈಟ್‌ಗಿಂತ ಸ್ವಲ್ಪವೇ ಹೆಚ್ಚು ಜಾಗ ಸಾಕಾಗುವುದು ಇದರಿಂದ.

ತುಮಕೂರಿನ ಸಗಟು ವ್ಯಾಪಾರಿಗಳ ಕೈಯಲ್ಲಿ ಈ ಹ್ಯಾಶ್ ದಿನವೂ ಓಡಾಡುತ್ತಿದೆ. 2023ರ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದ ವ್ಯಾಪಾರಿಗಳು ಇ-ಇನ್‌ವಾಯ್ಸ್ ಮಾಡಬೇಕಾಗಿದೆ. ಬಿಲ್ಲಿನ ಮೇಲೆ ಬರುವ 64 ಅಕ್ಷರಗಳ ಐಆರ್‌ಎನ್ ಸಂಖ್ಯೆ ಮಾರುವವರ ಜಿಎಸ್‌ಟಿ ಸಂಖ್ಯೆ, ಆರ್ಥಿಕ ವರ್ಷ, ದಾಖಲೆಯ ಬಗೆ, ಬಿಲ್ಲಿನ ಸಂಖ್ಯೆ ಇವುಗಳಿಂದ ಹುಟ್ಟಿದ ಹ್ಯಾಶ್. ಅದೇ ಬಿಲ್ಲು ಎರಡನೆಯ ಸಲ ನೋಂದಣಿಯಾಗದಂತೆ ತಡೆಯುವುದು ಇದೇ ಸಂಕೇತ.

ಕನ್ನಡದ ಕಚೇರಿಗಳಲ್ಲಿ ಹ್ಯಾಶ್ ಸೋಲುವ ಸಂದರ್ಭವೂ ಇದೆ. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ, ಶ್ರೀಲಿಪಿ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಟೈಪ್ ಮಾಡಿದ ಪತ್ರಗಳು ಪರದೆಯ ಮೇಲೆ ಕನ್ನಡವಾಗಿ ಕಂಡರೂ ಒಳಗೆ ಉಳಿದಿರುವುದು ರೋಮನ್ ಚಿಹ್ನೆಗಳು. ಅದೇ ಪತ್ರವನ್ನು ಯೂನಿಕೋಡ್‌ಗೆ ಪರಿವರ್ತಿಸಿ ಮತ್ತೊಂದು ಕಡೆ ಇಟ್ಟರೆ ಓದುವವನಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಸಹಕಾರ ಸಂಘಗಳ ನಡಾವಳಿ, ಸೂಚನಾಪತ್ರಗಳಲ್ಲಿ ಇಂಥವು ಹೇರಳ. ಊರಿನ ಹೆಸರು ಇನ್ನೊಂದು ಕಾಟ. 2014ರ ನವೆಂಬರ್ 1ರಂದು ರೋಮನ್ ಲಿಪಿಯ ಅಧಿಕೃತ ಹೆಸರು ಬದಲಾದ ಊರುಗಳಲ್ಲಿ ತುಮಕೂರೂ ಒಂದು. ಅದಕ್ಕೂ ಮೊದಲಿನ ಗಿರಾಕಿ ಪಟ್ಟಿಯಲ್ಲಿ ‘Tumkur’ ಎಂದೂ ಆಮೇಲಿನದರಲ್ಲಿ ‘Tumakuru’ ಎಂದೂ ಇರುವ ಒಬ್ಬನೇ ವ್ಯಾಪಾರಿ ಎರಡು ಖಾತೆಗಳಾಗಿ ಉಳಿದಿರುತ್ತಾನೆ, ಬಾಕಿ ಒಂದರಲ್ಲಿ, ಜಮಾ ಇನ್ನೊಂದರಲ್ಲಿ. ಇಂಥವನ್ನು ಬಿಡಿಸಲು ಜಿಎಸ್‌ಟಿ ಸಂಖ್ಯೆ ಅಥವಾ ಮೊಬೈಲ್ ಸಂಖ್ಯೆಯನ್ನು ಆಧಾರವಾಗಿಟ್ಟುಕೊಂಡು ಮನುಷ್ಯರೇ ಕೂತು ನೋಡಬೇಕು.

ಎಲ್ಲಿ ಇಡುವುದು

ಸಂಗ್ರಹವನ್ನು ಸ್ತರಗಳಾಗಿ ವಿಂಗಡಿಸುವುದು ಸಾಮಾನ್ಯ ಪದ್ಧತಿ. ಈ ವರ್ಷದ ಲೆಕ್ಕ, ಬಾಕಿ ವಸೂಲಿ, ಸರಕಿನ ಪಟ್ಟಿ ವೇಗದ ಎಸ್‌ಎಸ್‌ಡಿಯಲ್ಲಿರುತ್ತವೆ. ಕಳೆದ ಎರಡು ಮೂರು ವರ್ಷದ್ದು ಕಚೇರಿಯ ಜಾಲಕ್ಕೆ ಜೋಡಿಸಿದ ನಾಸ್ ಪೆಟ್ಟಿಗೆಯ ಸಾದಾ ಹಾರ್ಡ್ ಡಿಸ್ಕ್‌ಗಳಲ್ಲಿ ಸಾಕು. ಅದಕ್ಕೂ ಹಳೆಯದು ಕ್ಲೌಡ್‌ನ ದಫ್ತರ (ಆರ್ಕೈವ್) ಸ್ತರಕ್ಕೋ ಟೇಪಿಗೋ ಹೋಗಬಹುದು. 18 ಟೆರಾಬೈಟ್ ಹಿಡಿಯುವ ಎಲ್‌ಟಿಒ-9 ಟೇಪ್ ದೊಡ್ಡ ಕಾರ್ಖಾನೆಗಳಿಗೆ ಲಾಭದಾಯಕ, ಏಕೆಂದರೆ ಸುಮ್ಮನೆ ಕಪಾಟಿನಲ್ಲಿರುವ ಟೇಪಿಗೆ ವಿದ್ಯುತ್ ಬೇಡ. ಮಂಡಿಗೆ ಅದರ ಯಂತ್ರದ ಬೆಲೆಯೇ ಭಾರ. ಅಮೆಜಾನ್ 2016ರಲ್ಲಿ ಮುಂಬೈಯಲ್ಲಿ ಕೇಂದ್ರ ತೆರೆದ ಮೇಲೆ ದೇಶದೊಳಗೇ ಕ್ಲೌಡ್ ಸಂಗ್ರಹ ಸುಲಭವಾಗಿದೆ. ಆದರೆ ದಫ್ತರ ಸ್ತರದ ಅಗ್ಗದ ಬಾಡಿಗೆ ನೋಡಿ ಮರುಳಾಗಬಾರದು: ಅತ್ಯಂತ ಅಗ್ಗದ ಸ್ತರದಿಂದ ಕಡತ ವಾಪಸು ಬರಲು 12 ಗಂಟೆ ಅಥವಾ ಅದಕ್ಕೂ ಹೆಚ್ಚು ಹಿಡಿಯಬಹುದು, ಹೊರತೆಗೆಯಲು ಪ್ರತ್ಯೇಕ ಶುಲ್ಕವೂ ಇದೆ.

ಹೆಚ್ಚುವರಿ ಪ್ರತಿಗೂ ಬ್ಯಾಕಪ್ಪಿಗೂ ವ್ಯತ್ಯಾಸವಿದೆ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಜಾಗದಲ್ಲಿ ಎಂಬುದು ಈ ವೃತ್ತಿಯ ಹಳೆಯ ಸೂತ್ರ. ತುಮಕೂರಿನ ಅಂಗಡಿಯ ಮೂರನೆಯ ಪ್ರತಿ ಗುಬ್ಬಿಯ ಮನೆಯಲ್ಲಿದ್ದರೂ ನಡೆಯುತ್ತದೆ. ಅದನ್ನು ಕಂಪ್ಯೂಟರಿಗೆ ಸದಾ ಜೋಡಿಸಿಟ್ಟಿರಬಾರದು ಅಷ್ಟೆ, ಇಲ್ಲದಿದ್ದರೆ ಒತ್ತೆಹಣದ ವೈರಸ್ (ರಾನ್ಸಮ್‌ವೇರ್) ಬಂದಾಗ ಮೂರೂ ಒಟ್ಟಿಗೆ ಹೋಗುತ್ತವೆ. ಡಿಸ್ಕ್ ಕೆಟ್ಟರೂ ಕೆಲಸ ನಿಲ್ಲದಂತೆ ನೋಡಿಕೊಳ್ಳುವ ರೇಡ್ ಜೋಡಣೆಯನ್ನು ಬ್ಯಾಕಪ್ ಎಂದು ಮಾರುವವರಿದ್ದಾರೆ. ಅದು ಬ್ಯಾಕಪ್ ಅಲ್ಲ. ತಪ್ಪಿ ಅಳಿಸಿದ ಕಡತ ಅದರ ಎಲ್ಲ ಡಿಸ್ಕುಗಳಲ್ಲೂ ಆ ಕ್ಷಣವೇ ಅಳಿಯುತ್ತದೆ.

ಎಷ್ಟು ವರ್ಷ ಇಡುವುದು

ಅಳಿಸಲು ವ್ಯಾಪಾರಿಗಳು ಹೆದರುವುದು ತೆರಿಗೆಯವರಿಗೆ. ಕಾನೂನು ಕೇಳುವ ಅವಧಿಗಳು ಸ್ಪಷ್ಟವಾಗಿರುವುದರಿಂದ ಈ ಹೆದರಿಕೆಗೆ ಹೆಚ್ಚು ಆಧಾರವಿಲ್ಲ. ಜಿಎಸ್‌ಟಿ ಕಾಯ್ದೆಯ 36ನೆಯ ಕಲಮಿನಂತೆ ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಲೆಕ್ಕಪತ್ರ ಇಡಬೇಕು. ಒಣ ಅಡಿಕೆಯ ವ್ಯಾಪಾರಿಯೊಬ್ಬನ 2022–23ರ ಲೆಕ್ಕಕ್ಕೆ ರಿಟರ್ನಿನ ಕೊನೆಯ ದಿನ 2023ರ ಡಿಸೆಂಬರ್ 31 ಆಗಿತ್ತು, ಆದ್ದರಿಂದ ಅದು 2029ರ ಡಿಸೆಂಬರ್ 31ರ ತನಕ ಬೇಕು. ಮೇಲ್ಮನವಿ ನಡೆಯುತ್ತಿದ್ದರೆ ಅದು ಇತ್ಯರ್ಥವಾದ ಮೇಲೆ ಒಂದು ವರ್ಷದ ತನಕವೂ ಇರಬೇಕು. ನೋಂದಾಯಿತ ಕಂಪನಿಗಳಾದರೆ 2013ರ ಕಂಪನಿ ಕಾಯ್ದೆಯ 128ನೆಯ ಕಲಮಿನಂತೆ 8 ಆರ್ಥಿಕ ವರ್ಷ. ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶ 2023ರ ಏಪ್ರಿಲ್ 1ರಿಂದ ಪ್ರತಿ ತಿದ್ದುಪಡಿಯ ಜಾಡನ್ನೂ ಉಳಿಸಿಕೊಳ್ಳಬೇಕು. ಇದರಿಂದ ಲೆಕ್ಕದ ಕಡತ ಊದಿಕೊಳ್ಳುತ್ತದೆ ನಿಜ, ಆದರೆ ಆ ಜಾಡು ಹೆಚ್ಚುವರಿಯಲ್ಲ. ಸರ್ವರ್‌ಗಳ ಲಾಗ್ 180 ದಿನ ಇರಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನ ಹೇಳುತ್ತದೆ. ಒಳರೋಗಿಗಳ ದಾಖಲೆಗೆ 2002ರ ವೈದ್ಯಕೀಯ ಮಂಡಳಿ ನಿಯಮ ನಿಗದಿ ಮಾಡಿದ್ದು ಚಿಕಿತ್ಸೆ ಆರಂಭವಾದಂದಿನಿಂದ 3 ವರ್ಷ.

ಈ ಅವಧಿಗಳ ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದು, ಪ್ರತಿ ಬಗೆಯ ದಾಖಲೆಗೆ ಯಾರು ಹೊಣೆ ಎಂದು ಸೇರಿಸಿದರೆ ಅದೇ ದಾಖಲೆ ಉಳಿಕೆಯ ಧೋರಣೆ. ಟ್ಯಾಲಿಯಲ್ಲಿ ಒಂದು ದಿನಾಂಕ ಕೊಟ್ಟು ಹಳೆಯ ಲೆಕ್ಕವನ್ನು ಬೇರೆ ಕಂಪನಿಯಾಗಿ ಒಡೆಯುವ ಸೌಲಭ್ಯವಿದೆ. ಒಡೆಯುವ ಮೊದಲು ಬ್ಯಾಕಪ್ ತೆಗೆದು, ದೋಷವಿದೆಯೇ ಎಂದು ಪರೀಕ್ಷಿಸಿಕೊಳ್ಳಬೇಕು. ಮೊಕದ್ದಮೆಯಲ್ಲಿರುವ ದಾಖಲೆಗೆ ಮಾತ್ರ ಯಾವ ಅವಧಿಯೂ ಅನ್ವಯಿಸದು. ಸಾಕ್ಷ್ಯವಾಗಿ ಬರದಂತೆ ಎಲೆಕ್ಟ್ರಾನಿಕ್ ದಾಖಲೆಯನ್ನು ನಾಶ ಮಾಡುವುದು ಭಾರತೀಯ ನ್ಯಾಯ ಸಂಹಿತೆಯಡಿ ಅಪರಾಧ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ಇಂಥ ದಾಖಲೆಯ ಜೊತೆಗೆ ಕೊಡುವ ಪ್ರಮಾಣಪತ್ರದಲ್ಲಿ ಹ್ಯಾಶ್ ಸಂಕೇತವನ್ನು ಬರೆಯಬೇಕು. ನಕಲು ಹುಡುಕುವ ಉಪಾಯವೇ ಇಲ್ಲಿ ಅಸಲುತನಕ್ಕೆ ಸಾಕ್ಷಿ.

ಎಂದೂ ಅಳಿಸಬಾರದವು

ಎಚ್‌ಎಎಲ್ 1960ರ ದಶಕದಲ್ಲಿ ತಯಾರಿಸತೊಡಗಿದ ಚೇತಕ್ ಹೆಲಿಕಾಪ್ಟರ್‌ಗಳು ನಮ್ಮ ಸೇನೆಗಳಲ್ಲಿ ಇನ್ನೂ ಹಾರುತ್ತಿವೆ. ಈಗ ಗುಬ್ಬಿಯ ಕಾರ್ಖಾನೆಯಲ್ಲಿ ತಯಾರಿಸಲೆಂದು ಗೊತ್ತುಮಾಡಿರುವ ಲಘು ಹೆಲಿಕಾಪ್ಟರ್‌ಗಳಿಗೂ ಅಷ್ಟೇ ಆಯುಷ್ಯ ಇದೆಯೆಂದುಕೊಂಡರೆ, ಬಿಡಿಭಾಗಗಳ ನಕ್ಷೆ, ಲೋಹದ ಪರೀಕ್ಷೆ, ತಪಾಸಣೆಯ ವರದಿಗಳನ್ನು 2070ರ ಆಚೆಗೂ ತೆರೆಯಬೇಕಾಗಬಹುದು. ಕಡತ ಉಳಿದಿದ್ದರಷ್ಟೇ ಸಾಲದು, ಅದನ್ನು ತೆರೆಯುವ ತಂತ್ರಾಂಶವೂ ಉಳಿದಿರಬೇಕು. ಫ್ಲಾಪಿ, ಲೋಟಸ್ 1-2-3 ಕಾಲದ ಕಡತಗಳನ್ನು ಇಂದು ಓದಲು ಹೊರಟವರಿಗೆ ಇದರ ಕಷ್ಟ ಗೊತ್ತು. ಹಾಗಾಗಿ ಇಂಥ ಕಡೆ ನಿರ್ವಹಣೆಯೆಂದರೆ ಅಳಿಸುವುದಲ್ಲ, ಕೆಲವು ವರ್ಷಕ್ಕೊಮ್ಮೆ ಹೊಸ ಮಾಧ್ಯಮಕ್ಕೂ ಹೊಸ ರೂಪಕ್ಕೂ ವರ್ಗಾಯಿಸುತ್ತ ಹೋಗುವುದು. ಬಿಡಿಭಾಗ ಪೂರೈಸುವ ಸಣ್ಣ ವರ್ಕ್‌ಶಾಪುಗಳಿಗೂ ಈ ಹೊಣೆ ಅಂಟಿಕೊಳ್ಳುತ್ತದೆ. ಅವರ ಕಂಪ್ಯೂಟರಿನಲ್ಲಿ ಅದೇ ನಕ್ಷೆಯ ರದ್ದಾದ ಆವೃತ್ತಿಗಳು ಉಳಿದಿದ್ದು, ತಪ್ಪು ಆವೃತ್ತಿಯಿಂದ ಲೋಹ ಕೊರೆದರೆ ಆಗುವ ಅನಾಹುತ ಡಿಸ್ಕಿನ ಬೆಲೆಯ ಮಾತಲ್ಲ.

ಕುಣಿಗಲ್ ಕುದುರೆ ಫಾರಂನ ಇತಿಹಾಸ ಟಿಪ್ಪು ಸುಲ್ತಾನನ ಕಾಲಕ್ಕೆ ಹೋಗುತ್ತದೆ. ಇಂಥ ಫಾರಂಗಳಲ್ಲಿ ಹುಟ್ಟುವ ಜೂಜಿನ ಕುದುರೆಯ ಬೆಲೆ ನಿಲ್ಲುವುದು ಅದರ ತಾಯಿ–ತಂದೆ ಯಾರೆಂಬ ದಾಖಲೆಯ ಮೇಲೆ. ತಲೆಮಾರುಗಳ ವಂಶಾವಳಿಯನ್ನು ಬರೆದಿಟ್ಟರೆ ಫೋನಿನ ಒಂದು ಫೋಟೊದಷ್ಟು ಜಾಗ ಸಾಕು. ಕಳೆದುಹೋದರೆ ಯಾವ ದುಡ್ಡಿಗೂ ಮತ್ತೆ ಸಿಗದು.

ಅಳಿಸುವುದು ಹೇಗೆ

ಸಂಗ್ರಹ ತಂತ್ರಾಂಶ ಮಾರುತ್ತಿದ್ದ ವೆರಿಟಾಸ್ ಕಂಪನಿ 2016ರಲ್ಲಿ ಪ್ರಕಟಿಸಿದ ಜಾಗತಿಕ ಸಮೀಕ್ಷೆಯ ಪ್ರಕಾರ ಸಂಸ್ಥೆಗಳ ದತ್ತಾಂಶದಲ್ಲಿ 52% ಒಳಗೇನಿದೆಯೆಂದೇ ತಿಳಿಯದ್ದು, 33% ನಕಲು, ಹಳತು ಅಥವಾ ಕ್ಷುಲ್ಲಕ. ಮಾರುವವರದೇ ಲೆಕ್ಕವಾದ್ದರಿಂದ ಅಂಕಿಗಳನ್ನು ಸ್ವಲ್ಪ ದೂರದಿಂದಲೇ ನೋಡಬೇಕು. ಆದರೂ ಒಳಗೇನಿದೆ ಎಂದು ತಿಳಿಯದ ಭಾಗವೇ ಅಪಾಯಕಾರಿ ಎನ್ನುವುದರಲ್ಲಿ ಸಂದೇಹವಿಲ್ಲ. ಗಿರಾಕಿಗಳ ಆಧಾರ್ ನಕಲು, ಪಾನ್ ಕಾರ್ಡ್ ಫೋಟೊ, ರೈತರ ಪಾಸ್‌ಬುಕ್ ಪುಟಗಳು ಇರುವುದು ಬಹುತೇಕ ಅಲ್ಲೇ.

ಡಿಲೀಟ್ ಗುಂಡಿ ಒತ್ತಿದರೆ ಹಾರ್ಡ್ ಡಿಸ್ಕಿನಿಂದ ಹೋಗುವುದು ಕಡತದ ವಿಳಾಸವಷ್ಟೇ. ಮೇಲೆ ಬೇರೆ ಬರೆಯುವ ತನಕ ಅದನ್ನು ಮರಳಿ ಪಡೆಯುವ ತಂತ್ರಾಂಶಗಳು ಪುಕ್ಕಟೆಯಾಗಿಯೇ ಸಿಗುತ್ತವೆ. ಅಮೆರಿಕದ ನಿಸ್ಟ್ ಸಂಸ್ಥೆಯ 800-88 ಮಾರ್ಗದರ್ಶಿ ಮೂರು ಹಂತ ಹೇಳುತ್ತದೆ: ಮೇಲೆ ಬರೆದು ಅಳಿಸುವುದು, ಪ್ರಯೋಗಾಲಯದಲ್ಲೂ ಸಿಗದಂತೆ ತೊಡೆಯುವುದು, ಡಿಸ್ಕನ್ನೇ ಪುಡಿಮಾಡುವುದು. ಎಸ್‌ಎಸ್‌ಡಿಗಳಲ್ಲಿ ಮೇಲೆ ಬರೆಯುವುದು ನಂಬಲರ್ಹವಲ್ಲ, ತಯಾರಕರೇ ಕೊಟ್ಟ ಅಳಿಸುವ ಆದೇಶವನ್ನು ಬಳಸಬೇಕು. ಮೊದಲಿನಿಂದಲೇ ಗೂಢಲಿಪಿಯಲ್ಲಿ ಬರೆದಿದ್ದರೆ ಕೀಲಿಯನ್ನು ನಾಶಮಾಡಿದರೂ ಆಯಿತು. ಹಳೆಯ ಕಂಪ್ಯೂಟರುಗಳನ್ನು ಗುಜರಿಗೆ ತೂಕದ ಲೆಕ್ಕದಲ್ಲಿ ಕೊಡುವ ರೂಢಿ ಎಲ್ಲ ಊರುಗಳಲ್ಲೂ ಇದೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳಂತೆ ದೊಡ್ಡ ಬಳಕೆದಾರ ಸಂಸ್ಥೆಗಳು ಅದನ್ನು ನೋಂದಾಯಿತ ಉತ್ಪಾದಕರಿಗೆ, ನವೀಕರಣದಾರರಿಗೆ ಇಲ್ಲವೇ ಸಂಸ್ಕರಣಾದಾರರಿಗೇ ಒಪ್ಪಿಸಬೇಕು.

ಮೇಲೆ ಬಂದ ದಾಖಲೆ ಉಳಿಕೆಯ ಕಾನೂನುಗಳು ಎಷ್ಟು ಕಾಲ ಇಡಬೇಕೆಂದು ಹೇಳುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಯಾವಾಗ ಬಿಡಬೇಕೆಂದೂ ಹೇಳುತ್ತದೆ: ಪಡೆದ ಉದ್ದೇಶ ಮುಗಿದ ಮೇಲೆ, ಬೇರೆ ಕಾನೂನು ಇಡಲು ಹೇಳದಿದ್ದರೆ, ವೈಯಕ್ತಿಕ ದತ್ತಾಂಶವನ್ನು ಅಳಿಸಬೇಕು. ದತ್ತಾಂಶಕ್ಕೆ ತಕ್ಕ ಭದ್ರತೆ ಒದಗಿಸದೆ ಸೋರಿಕೆಯಾದರೆ ದಂಡ 250 ಕೋಟಿ ರೂಪಾಯಿಯ ತನಕ ಹೋಗಬಹುದು. ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಸಂಸ್ಥೆಗಳ ಮುಖ್ಯ ಹೊಣೆಗಾರಿಕೆಗಳು ಅಲ್ಲಿಂದ 18 ತಿಂಗಳ ಬಳಿಕ, ಅಂದರೆ 2027ರ ಮೇ ತಿಂಗಳಲ್ಲಿ ಜಾರಿಗೆ ಬರಲಿವೆ.